ತಾಳೆ ನೋಡುವ ವಿದ್ಯೆ

ಲಂಡನ್ ಮಹಾನಗರದ ವಾಯವ್ಯ ಭಾಗದಲ್ಲಿ, ಸಮತಟ್ಟಾದ ಬಡಾವಣೆಗಳ ನಡುವೆ ತಾನೊಂದೇ ತಲೆಯೆತ್ತಿ ನಿಂತಿರುವ ಗುಡ್ಡವೊಂದುಂಟು. ಅದರ ನೆತ್ತಿಯ ಮೇಲೆ ಸಂತ ಮೇರಿಯ ಹೆಸರಿನ ಪುರಾತನ ಚರ್ಚು. ಅದರ ಮಗ್ಗುಲಲ್ಲಿ, 1572ರಲ್ಲಿ ಮೊದಲನೆಯ ಎಲಿಜಬೆತ್ ರಾಣಿಯ ಸನ್ನದು ಪಡೆದು ಸ್ಥಾಪಿತವಾದ ಹ್ಯಾರೋ ಶಾಲೆ. ತಪ್ಪಲಿನಲ್ಲಿ, ಮೆಟ್ರೊಪಾಲಿಟನ್ ರೈಲುದಾರಿಯ ಇಕ್ಕೆಲಗಳಲ್ಲಿ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಸಾಲುಗೊಂಡ ಮನೆಗಳು. ಆ ಮನೆಗಳಲ್ಲಿ ಗುಜರಾತಿಗಳುಂಟು, ಶ್ರೀಲಂಕೆಯ ತಮಿಳರುಂಟು, ಅಲ್ಲಲ್ಲಿ ಕನ್ನಡದ ಸಂಸಾರಗಳೂ ಉಂಟು. ಗುಡ್ಡದ ಮೇಲಿನ ಶಾಲೆಯಲ್ಲಿ ಜವಾಹರಲಾಲ ನೆಹರೂ ಅವರು ಓದಿದರು, ಚರ್ಚಿಲ್ ಓದಿದನು, ಬೈರನ್ ಕವಿ ಓದಿದನು ಎಂಬುದು ಪ್ರವಾಸಿಗಳಿಗೆಲ್ಲ ತಿಳಿದ ಮಾತು. ನಾನಿಲ್ಲಿ ಹೇಳಹೊರಟಿರುವುದು ಆ ವೈಭವವನ್ನಲ್ಲ. ತಪ್ಪಲಿನ ಯಾವುದೋ ಒಂದು ಮನೆಯಲ್ಲಿ, ಅಡುಗೆಮನೆಯ ಮೇಜಿನ ಮುಂದೆ, ವಿಶ್ವವಿದ್ಯಾನಿಲಯದ ಬಾಗಿಲು ತೆರೆಯುವುದಕ್ಕೆ ಇನ್ನು ಕೆಲವೇ ತಿಂಗಳುಗಳಿರುವಾಗ, ಶಾಲೆಯಲ್ಲಿ ಬಿಟ್ಟುಬಂದ ಗಣಿತವನ್ನು ತನಗೆ ತಾನೇ ಕಲಿಸಿಕೊಳ್ಳಲು ಕುಳಿತ ವಿದ್ಯಾರ್ಥಿಯ ಪಾಡನ್ನು. ಅಂಥವರು ಆ ಊರಿನಲ್ಲಿ ಎಂದೂ ಇದ್ದಾರು, ನಮ್ಮ ಊರುಗಳಲ್ಲಿಯೂ ಇದ್ದಾರು.

ಬಿಟ್ಟುಬಂದದ್ದು ಹೇಗೆಂಬುದನ್ನು ಮೊದಲು ತಿಳಿಯಬೇಕು. ಇಂಗ್ಲೆಂಡಿನಲ್ಲಿ ಹದಿನಾರನೆಯ ವಯಸ್ಸಿನ ಜಿ.ಸಿ.ಎಸ್.ಇ. ಪರೀಕ್ಷೆಯವರೆಗೆ ಗಣಿತವು ಎಲ್ಲರಿಗೂ ಕಡ್ಡಾಯ. ಆ ಬಳಿಕ ಎ ಲೆವೆಲ್ ಎಂಬ ಎರಡು ವರ್ಷಗಳ ವ್ಯಾಸಂಗಕ್ಕೆ ಬಹುಪಾಲು ವಿದ್ಯಾರ್ಥಿಗಳು ಆರಿಸಿಕೊಳ್ಳುವುದು ಮೂರೇ ವಿಷಯಗಳನ್ನು. ಆ ಮೂರರಲ್ಲಿ ಗಣಿತವನ್ನು ಸೇರಿಸಿಕೊಳ್ಳುವವರು ಕಡಿಮೆಯೇನಲ್ಲ. 2024ರಲ್ಲಿ ಈ ಪರೀಕ್ಷೆಗೆ ಕುಳಿತವರ ಸಂಖ್ಯೆ 1 ಲಕ್ಷವನ್ನು ದಾಟಿತು, ಬೇರಾವ ವಿಷಯಕ್ಕೂ ಅಷ್ಟು ಮಂದಿಯಿಲ್ಲ. ಆದರೆ ಇತಿಹಾಸ, ಜೀವಶಾಸ್ತ್ರ, ಮನಶ್ಶಾಸ್ತ್ರವೆಂದು ಆಯ್ದುಕೊಂಡವನಿಗೆ ಹದಿನಾರರಲ್ಲಿಯೇ ಗಣಿತದ ಸಂಗ ತಪ್ಪುತ್ತದೆ. ಹದಿನೆಂಟು ತುಂಬುವವರೆಗೂ ಎಲ್ಲರೂ ಯಾವುದಾದರೊಂದು ರೂಪದಲ್ಲಿ ಗಣಿತವನ್ನು ಓದಬೇಕೆಂದು 2023ರ ಜನವರಿಯಲ್ಲಿ ಅಂದಿನ ಪ್ರಧಾನಿ ಋಷಿ ಸುನಕ್ ಅವರು ಹೇಳಿದ್ದು ಈ ಕೊರತೆಯನ್ನು ಕಂಡೇ. ನಮ್ಮಲ್ಲಿಯೂ ಕವಲು ಒಡೆಯುವುದು ಅದೇ ವಯಸ್ಸಿನಲ್ಲಿ: ಎಸ್.ಎಸ್.ಎಲ್.ಸಿ. ಮುಗಿದೊಡನೆ ಕಲೆ, ವಾಣಿಜ್ಯ, ವಿಜ್ಞಾನವೆಂಬ ಮೂರು ದಾರಿಗಳು. ಕಲೆಯ ದಾರಿ ಹಿಡಿದವನು ಗಣಿತಕ್ಕೆ ಕೈಮುಗಿದು ಮುನ್ನಡೆಯುತ್ತಾನೆ. ಎರಡು ವರ್ಷಗಳ ಮೇಲೆ, ಮನಶ್ಶಾಸ್ತ್ರದ ಪದವಿಯೊಳಗೆ ಸಂಖ್ಯಾಶಾಸ್ತ್ರ ಅವಿತುಕೊಂಡಿದೆಯೆಂದೂ, ಅರ್ಥಶಾಸ್ತ್ರದ ಒಳಗೆ ಕಲನಶಾಸ್ತ್ರ ಕುಳಿತಿದೆಯೆಂದೂ, ಗಣಕವಿಜ್ಞಾನಕ್ಕೆ ಲಘುಗಣಕದ ಪರಿಚಯವಿಲ್ಲದೆ ನಡೆಯದೆಂದೂ ತಿಳಿದುಬಂದಾಗ, ಮುಗಿದ ಕೈಯನ್ನು ಮತ್ತೆ ಚಾಚಬೇಕಾಗುತ್ತದೆ.

ಕಲಿಯಬೇಕಾದುದರ ಗಾತ್ರವೆಷ್ಟು? 2017ರಿಂದ ಪಾಠಕ್ಕೆ ಬಂದಿರುವ ಈಗಿನ ಎ ಲೆವೆಲ್ ಗಣಿತದಲ್ಲಿ ಸುಮಾರು ಮೂರನೆಯ ಎರಡು ಪಾಲು ಶುದ್ಧಗಣಿತ. ಉಳಿದದ್ದು ಸಂಖ್ಯಾಶಾಸ್ತ್ರ ಮತ್ತು ಬಲವಿಜ್ಞಾನ. ಶುದ್ಧಗಣಿತವೆಂಬ ಹೆಸರಿನಡಿಯಲ್ಲಿ ಸಾಧನೆಯ ಕ್ರಮ, ಬೀಜಗಣಿತ, ನಿರ್ದೇಶಾಂಕ ರೇಖಾಗಣಿತ, ಶ್ರೇಢಿಗಳು, ತ್ರಿಕೋನಮಿತಿ, ಲಘುಗಣಕ, ಅವಕಲನ, ಅನುಕಲನ, ಸದಿಶಗಳು ಮೊದಲಾದವು ಬರುತ್ತವೆ. ನಮ್ಮ ದ್ವಿತೀಯ ಪಿ.ಯು.ಸಿ.ಯಲ್ಲಿ ಗಣಿತ ಓದಿದವರಿಗೆ ಇವುಗಳಲ್ಲಿ ಅಪರಿಚಿತವಾದುದು ಬಹಳವಿಲ್ಲ. ತರಗತಿಯ ಬೋಧನೆಗೆಂದು ಅಲ್ಲಿ ಗೊತ್ತುಪಡಿಸಿರುವ ಕಾಲವು ಎರಡು ವರ್ಷಗಳಲ್ಲಿ ಸುಮಾರು 360 ಗಂಟೆ. ಎಂದರೆ ದಿನಕ್ಕೆರಡು ಗಂಟೆಯಂತೆ ಆರು ತಿಂಗಳು. ಇದು ಎದೆಗುಂದಿಸುವ ಮೊತ್ತವಲ್ಲ, ಹಗುರವಾಗಿ ಕಾಣತಕ್ಕ ಮೊತ್ತವೂ ಅಲ್ಲ. ಆದರೆ ಗಂಟೆಗಳ ಲೆಕ್ಕವೊಂದರಿಂದಲೇ ವಿದ್ಯೆ ಬರುವುದಾಗಿದ್ದರೆ ಗುರುವೆಂಬ ಪದಾರ್ಥದ ಅಗತ್ಯವೇ ಲೋಕಕ್ಕೆ ಇರುತ್ತಿರಲಿಲ್ಲ. ಗುರುವು ನಿಜವಾಗಿ ಮಾಡುವುದೇನು, ಅವನಿಲ್ಲದೆಡೆಯಲ್ಲಿ ಆ ಕೆಲಸವನ್ನು ಮಾಡುವವರಾರು ಎಂಬುದೇ ಇಲ್ಲಿನ ಪ್ರಶ್ನೆ; ಅದಕ್ಕೆ ಹ್ಯಾರೋವಿನ ಗುಡ್ಡವೇ ಮೂರು ಬಗೆಯ ಉತ್ತರಗಳನ್ನು ಕೊಡುತ್ತದೆ.

ಮೊದಲನೆಯದು ಚರ್ಚಿಲ್ಲನ ವೃತ್ತಾಂತ. ಸ್ಯಾಂಡ್‌ಹರ್ಸ್ಟಿನ ಸೈನಿಕ ವಿದ್ಯಾಲಯವನ್ನು ಸೇರಬೇಕಾದರೆ ಗಣಿತದಲ್ಲಿ ತೇರ್ಗಡೆಯಾಗದೆ ಗತಿಯಿಲ್ಲವೆಂದು ಕಂಡಾಗ, ಅದುವರೆಗೆ ಆ ಶಾಸ್ತ್ರದಿಂದ ಮುಖ ತಿರುಗಿಸಿದ್ದ ಹುಡುಗ ಆರು ತಿಂಗಳ ಕಾಲ ಅದರೊಡನೆ ಕುಸ್ತಿಗೆ ಬಿದ್ದನು. ಮೊದಲ ಸಲ 2500 ಅಂಕಗಳಿಗೆ 500ನ್ನು ಮೀರದಿದ್ದವನು ಎರಡನೆಯ ಸಲ 2000ದ ಸಮೀಪಕ್ಕೆ ಬಂದನೆಂದು 1930ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ತಾನೇ ಬರೆದಿದ್ದಾನೆ. ತನ್ನ ಹಟದ ಜೊತೆಗೆ, ಹ್ಯಾರೋವಿನ ಮೇಯೋ ಎಂಬ ಉಪಾಧ್ಯಾಯನ ದಯೆಯೂ ಅದಕ್ಕೆ ಕಾರಣವೆಂದು ಕೃತಜ್ಞತೆಯಿಂದ ನೆನೆದಿದ್ದಾನೆ. ಅಷ್ಟಾದರೂ ಎರಡನೆಯ ಯತ್ನದಲ್ಲಿ ಆಯ್ಕೆಯಾಗಲಿಲ್ಲ; 1893ರಲ್ಲಿ, ಮೂರನೆಯ ಯತ್ನದಲ್ಲಿ, ಬಾಗಿಲು ತೆರೆಯಿತು. ಅದರಾಚೆಗೆ ಆ ಗಣಿತವೆಲ್ಲ ಜ್ವರದ ಕನವರಿಕೆಯಂತೆ ಕರಗಿಹೋಯಿತೆಂಬುದನ್ನೂ ಆತನು ಮುಚ್ಚಿಡಲಿಲ್ಲ. ಈ ವೃತ್ತಾಂತದಿಂದ ಎರಡು ಸಂಗತಿಗಳು ವಿಶದವಾಗುತ್ತವೆ. ಆರು ತಿಂಗಳ ದೃಢಸಂಕಲ್ಪದಿಂದ ಕೈಲಾಗದೆಂದುಕೊಂಡವನಿಗೂ ಗಣಿತ ಕೈಗೆ ಹತ್ತೀತು. ಆದರೆ ಪರೀಕ್ಷೆಯನ್ನು ದಾಟುವುದಕ್ಕಷ್ಟೇ ಕಟ್ಟಿದ ಕಾಲುಸಂಕವು ದಾಟಿದ ಮರುಗಳಿಗೆಯೇ ಹೊಳೆಯಲ್ಲಿ ತೇಲಿಹೋದೀತು. ವಿಶ್ವವಿದ್ಯಾನಿಲಯಕ್ಕಾಗಿ ಕಲಿಯುವವನಿಗೆ ಸಂಕ ಸಾಲದು. ಮುಂದಿನ ಮೂರು ವರ್ಷಗಳ ಕಾಲ ಅವನು ತಾನು ಕಟ್ಟಿದ್ದರ ಮೇಲೆಯೇ ಓಡಾಡಬೇಕಾಗಿದೆ.

ಎರಡನೆಯ ಉತ್ತರ ಬೈರನ್ ಕವಿಯ ಮನೆಯಿಂದ ಬರುತ್ತದೆ. ಕವಿಯಿಂದಲ್ಲ, ಅವನ ಮಗಳಿಂದ. ಹ್ಯಾರೋವಿನ ಚರ್ಚಿನಂಗಳದಲ್ಲಿರುವ ಪೀಚಿಯೆಂಬಾತನ ಸಮಾಧಿಯ ಕಲ್ಲಿನ ಮೇಲೆ ಒರಗಿಕೊಂಡು ಶಾಲಾಬಾಲಕನಾದ ಬೈರನ್ ಗಂಟೆಗಟ್ಟಲೆ ಹಗಲುಗನಸು ಕಾಣುತ್ತಿದ್ದನು. ಮುಂದೆ ಅವನು ಕೈಹಿಡಿದ ಹೆಂಡತಿಗೆ ಗಣಿತದಲ್ಲಿ ಎಷ್ಟು ಒಲವಿತ್ತೆಂದರೆ, ಸಮಾಂತರ ಚತುರ್ಭುಜಗಳ ರಾಜಕುಮಾರಿಯೆಂದು ಅವಳನ್ನು ಪರಿಹಾಸ್ಯ ಮಾಡುತ್ತಿದ್ದನು. ದಾಂಪತ್ಯ ಮುರಿಯಿತು, 1815ರಲ್ಲಿ ಹುಟ್ಟಿದ ಮಗಳು ಏಡಾ, ತಂದೆಯ ಮುಖವನ್ನು ಮತ್ತೆ ಕಾಣದೆ ಬೆಳೆದಳು, ತಂದೆಯ ಕಾವ್ಯೋನ್ಮಾದ ಮಗಳಿಗೆ ಅಂಟೀತೆಂಬ ಭಯದಿಂದ ತಾಯಿ ಅವಳಿಗೆ ಗಣಿತವನ್ನು ಪಥ್ಯದಂತೆ ಉಣಿಸಿದಳು. ಆ ಕಾಲದಲ್ಲಿ ಸ್ತ್ರೀಯರಿಗೆ ವಿಶ್ವವಿದ್ಯಾನಿಲಯದ ಪ್ರವೇಶವಿಲ್ಲ. ಲಂಡನ್ ವಿಶ್ವವಿದ್ಯಾನಿಲಯವು ಅವರಿಗೆ ಪದವಿಯ ಬಾಗಿಲನ್ನು ತೆರೆದದ್ದು 1878ರಲ್ಲಿ. ಆದಕಾರಣ ಏಡಾ ಲವ್ಲೇಸ್, ಮದುವೆಯಾಗಿ ಮೂರು ಮಕ್ಕಳ ತಾಯಾದ ಮೇಲೆ, 1840 ಮತ್ತು 1841ರಲ್ಲಿ, ಪತ್ರಮುಖೇನ ಪಾಠ ಹೇಳಿಸಿಕೊಳ್ಳತೊಡಗಿದಳು. ಪಾಠ ಹೇಳಿದವನು ಯೂನಿವರ್ಸಿಟಿ ಕಾಲೇಜಿನ ಪ್ರಾಧ್ಯಾಪಕ ಅಗಸ್ಟಸ್ ಡಿ ಮಾರ್ಗನ್. ನಮ್ಮವರಿಗೆ ಹೇಳಲು ಸಂತೋಷವಾಗುವ ವಿಷಯವೆಂದರೆ, ಆತನ ಜನನ 1806ರಲ್ಲಿ, ಮದುರೆಯಲ್ಲಿ.

ಆ ಪತ್ರವ್ಯವಹಾರದ ಸ್ವರೂಪವನ್ನು ಗಮನಿಸಿದರೆ ಗುರುವಿನ ನಿಜವಾದ ಕೆಲಸ ಯಾವುದೆಂಬುದು ತಾನಾಗಿ ಹೊಳೆಯುತ್ತದೆ. ವಿವರಣೆಯನ್ನು ಕೊಡುವುದಕ್ಕೆ ಡಿ ಮಾರ್ಗನ್ನನ ಗ್ರಂಥಗಳೇ ಇದ್ದವು. ಏಡಾ ಅವನ್ನು ಎದುರಿಗಿಟ್ಟುಕೊಂಡೇ ಓದುತ್ತಿದ್ದಳು. ಗ್ರಂಥಕ್ಕೆ ಅಸಾಧ್ಯವಾದದ್ದು ಪತ್ರದಲ್ಲಿ ನಡೆಯುತ್ತಿತ್ತು: ಅವಳು ತಾನು ಮಾಡಿದ ಲೆಕ್ಕವನ್ನೂ ತನಗೆ ಹತ್ತಿದ ಸಂಶಯವನ್ನೂ ಬರೆದು ಕಳುಹಿಸುವುದು, ಅವನು ಎಡವಿದ ಜಾಗದ ಮೇಲೆ ಬೆರಳಿಟ್ಟು ತೋರಿಸುವುದು. ಒಂದು ಬಗೆಯ ಸಮೀಕರಣಗಳು ಹಿಡಿಯಹೋದರೆ ಜಾರಿ ದೂರದಲ್ಲಿ ಮಿನುಗುವ ಕೊಳ್ಳಿದೆವ್ವಗಳಂತೆ ತನ್ನನ್ನು ಆಡಿಸುತ್ತಿವೆಯೆಂದು ಅವಳು ಸಂಕೋಚವಿಲ್ಲದೆ ಹೇಳಿಕೊಂಡಿದ್ದಳು. ಮೂರು ವರ್ಷಗಳೊಳಗೆ, 1843ರಲ್ಲಿ, ಬ್ಯಾಬೇಜನೆಂಬ ಗಣಿತಜ್ಞನು ಯೋಜಿಸಿದ ವಿಶ್ಲೇಷಣಯಂತ್ರವೆಂಬ ಲೆಕ್ಕದ ಯಂತ್ರವನ್ನು ಕುರಿತ ಅವಳ ಟಿಪ್ಪಣಿಗಳು ಅಚ್ಚಾದುವು. ಗಣಕಯಂತ್ರದ ಚರಿತ್ರೆಯನ್ನು ಬರೆಯುವವರು ಇಂದಿಗೂ ಅವನ್ನು ನೆನೆಯದೆ ಮುಂದುವರಿಯುವುದಿಲ್ಲ. ಇಷ್ಟಕ್ಕೂ ನಮ್ಮ ವಿದ್ಯಾರ್ಥಿಯು ಏಡಾ ಆಗಬೇಕಾಗಿಲ್ಲ. ತನ್ನ ಸಂಶಯವನ್ನು ವಾಕ್ಯವಾಗಿ ಬರೆದಿಡುವ ಅವಳ ಅಭ್ಯಾಸವೊಂದನ್ನು ಕಲಿತರೆ ಸಾಕು. ‘ಏನೂ ಅರ್ಥವಾಗುತ್ತಿಲ್ಲ’ ಎಂಬುದಕ್ಕೆ ಯಾವ ಗುರುವೂ ಉತ್ತರ ಹೇಳಲಾರ. ‘ಮೂರನೆಯ ಸಾಲಿನಿಂದ ನಾಲ್ಕನೆಯ ಸಾಲು ಹೇಗೆ ಬಂತು’ ಎಂದು ಬರೆಯುವಷ್ಟರಲ್ಲಿ ಅರ್ಧ ಉತ್ತರ ಬರೆದವನಿಗೇ ತೋರಿರುತ್ತದೆ.

ಎಡವಿದ ಜಾಗವನ್ನು ಹುಡುಕುವ ಈ ಕೆಲಸಕ್ಕೆ ನಮ್ಮ ಅಂಗಡಿಯವರು ಒಂದು ಮಾತನ್ನು ಬಲ್ಲರು: ತಾಳೆ ನೋಡುವುದು. ಸಂಜೆ ಬಾಗಿಲು ಹಾಕುವ ಮುನ್ನ ಪೆಟ್ಟಿಗೆಯ ಹಣವನ್ನು ಖಾತೆಯ ಮೊತ್ತದೊಡನೆ ಹೋಲಿಸಿ, ಎರಡೂ ಒಂದಾದರೆ ತಾಳೆಯಾಯಿತೆಂದು ದೀಪವಾರಿಸುವರು. ಆಗದಿದ್ದರೆ ತಪ್ಪಿದ ಬಾಬ್ತು ಸಿಕ್ಕುವವರೆಗೆ ಮನೆಯ ದಾರಿ ಹಿಡಿಯರು. ಗುರುವಿನ ಕೆಲಸದಲ್ಲಿ ಮುಕ್ಕಾಲು ಪಾಲು ಈ ತಾಳೆ ನೋಡುವಿಕೆಯೇ. ತನಗೆ ತಾನೇ ಕಲಿಯುವವನು ವಿವರಣೆಯ ಅಭಾವದಿಂದ ಕೆಡುವುದು ವಿರಳ, ಈ ಕಾಲದಲ್ಲಂತೂ ವಿವರಣೆಗಳ ಪ್ರವಾಹವೇ ಇದೆ. ಅವನು ಕೆಡುವುದು ತನ್ನ ತಪ್ಪು ತನಗೆ ಕಾಣದೆ.

ಮೂರನೆಯ ಉತ್ತರ ಗುಡ್ಡವಿಳಿದು ನಾರ್ತ್‌ವಿಕ್ ಪಾರ್ಕ್ ನಿಲ್ದಾಣದ ಕಡೆಗೆ ನಡೆದರೆ ದೊರೆಯುತ್ತದೆ. ಅಲ್ಲಿರುವುದು ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾನಿಲಯದ ಹ್ಯಾರೋ ಆವರಣ; ಇಂದು ಅಲ್ಲಿ ಚಲನಚಿತ್ರ, ಛಾಯಾಗ್ರಹಣ, ಉಡುಪಿನ ವಿನ್ಯಾಸ ಮೊದಲಾದ ಕಲೆಗಳ ಪಾಠ ನಡೆಯುತ್ತದೆ. ಹ್ಯಾರೋವಿನ ಕಾಲೇಜು 1990ರಲ್ಲಿ ಲಂಡನ್ನಿನ ನಡುಭಾಗದ ಪಾಲಿಟೆಕ್ನಿಕ್ಕಿನೊಡನೆ ಕೂಡಿಕೊಂಡು, 1992ರಲ್ಲಿ ಆ ಸಂಸ್ಥೆಯೇ ವಿಶ್ವವಿದ್ಯಾನಿಲಯವಾಯಿತು. ಅದರ ಮೂಲಪುರುಷನೆನ್ನಬಹುದಾದ ಕ್ವಿಂಟಿನ್ ಹಾಗ್ ಎಂಬ ದಾನಶೀಲನು 1882ರಲ್ಲಿ ರೀಜೆಂಟ್ ಸ್ಟ್ರೀಟಿನ ಕಟ್ಟಡವನ್ನು ಕೈವಶ ಮಾಡಿಕೊಂಡದ್ದು, ಹಗಲು ದುಡಿಯುವ ತರುಣರು ಸಂಜೆ ಬಂದು ಕಲಿಯಲೆಂದು. ಅದೇ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್ಕಿನಲ್ಲಿ ಗಣಿತವಿಭಾಗದ ಮುಖ್ಯಸ್ಥನಾಗಿದ್ದವನು ಪಿ. ಅಬಟ್. 1938ರಲ್ಲಿ ಮೊದಲಾದ ‘ಟೀಚ್ ಯುವರ್‌ಸೆಲ್ಫ್’ ಎಂಬ ಪುಸ್ತಕಮಾಲೆಗೆ ಬೀಜಗಣಿತ, ತ್ರಿಕೋನಮಿತಿ, ಕಲನಶಾಸ್ತ್ರಗಳನ್ನು ಬರೆದುಕೊಟ್ಟವನು ಆತನೇ. ಹಳದಿ ನೀಲಿ ಬಣ್ಣದ ಹೊದಿಕೆಯ ಆ ಪುಟ್ಟ ಪುಸ್ತಕಗಳು, ಸಂಜೆಯ ತರಗತಿಗೂ ಬರಲಾರದವರ ಮನೆಬಾಗಿಲಿಗೆ ಪಾಲಿಟೆಕ್ನಿಕ್ಕನ್ನೇ ಒಯ್ದುವು.

ಅಬಟ್ಟನ ಪುಸ್ತಕದ ಗುಣ ಅದರ ವಿವರಣೆಯಲ್ಲಿ ಎಷ್ಟಿದೆಯೋ ಅದರ ಕೊನೆಯ ಪುಟಗಳಲ್ಲಿಯೂ ಅಷ್ಟೇ ಇದೆ. ಅಭ್ಯಾಸಗಳಿಗೆ ಅಲ್ಲಿ ಉತ್ತರಗಳನ್ನು ಕೊಟ್ಟಿದೆ. ಕಳ್ಳದಾರಿಯೆಂದು ಶಾಲೆಯಲ್ಲಿ ನಿಂದಿಸುವ ಆ ಪುಟಗಳು, ಏಕಾಕಿಯಾಗಿ ಕಲಿಯುವವನಿಗೆ ಡಿ ಮಾರ್ಗನ್ನನ ಪತ್ರವಿದ್ದಂತೆ. ಮೊದಲು ತಾನು ಮಾಡಿ, ಬಳಿಕ ಅತ್ತ ತಿರುಗಿಸಿದವನಿಗೆ ಅವು ಗುರು. ಮೊದಲೇ ತಿರುಗಿಸಿ, ಬಳಿಕ ಮಾಡಿದೆನೆಂದುಕೊಂಡವನಿಗೆ ಅವೇ ಶತ್ರು. ಉತ್ತರಗಳಿರಲಿ, ಸಾಧನೆಗಳೂ ಬಹುಮಟ್ಟಿಗೆ ಇಲ್ಲದ ಪುಸ್ತಕವೊಂದರಿಂದ ಬೆಳೆದವರೂ ಉಂಟು: ಕುಂಭಕೋಣದ ಶ್ರೀನಿವಾಸ ರಾಮಾನುಜನ್ ಅವರಿಗೆ 1903ರಲ್ಲಿ ದೊರೆತ ಜಿ. ಎಸ್. ಕಾರ್ ಎಂಬಾತನ ಸಂಗ್ರಹಗ್ರಂಥದಲ್ಲಿ ಸಾವಿರಾರು ಪ್ರಮೇಯಗಳು ಸಾಲಾಗಿ ಕುಳಿತಿದ್ದುವು, ಅವುಗಳನ್ನು ಸಾಧಿಸುವ ಕೆಲಸ ಓದುಗನ ಪಾಲಿಗೆ. ಆ ಮಹಾನುಭಾವರ ಉದಾಹರಣೆ ನಮಗೆ ವಂದ್ಯವೇ ಹೊರತು ಅನುಕರಣೀಯವಲ್ಲ. ಅವರೂ ಮಿಕ್ಕ ವಿಷಯಗಳನ್ನು ಕಡೆಗಣಿಸಿ ಕಾಲೇಜಿನ ಪರೀಕ್ಷೆಗಳಲ್ಲಿ ಸೋತರೆಂಬುದನ್ನು ಮರೆಯಲಾಗದು. ಸಾಮಾನ್ಯನಿಗೆ ಬೇಕಾದುದು ಅಬಟ್ಟನಂಥ ಸಾಮಾನ್ಯ ಗುರು.

ಇನ್ನು ಅಡುಗೆಮನೆಯ ಮೇಜಿಗೆ ಬರೋಣ. ನಮ್ಮ ವಿದ್ಯಾರ್ಥಿಯು ಅವಕಲನದಿಂದ ಆರಂಭಿಸಬೇಕೆಂದು ಆತುರಪಡುತ್ತಾನೆ, ಅದೇ ಅಲ್ಲವೆ ತಾನು ಕಲಿಯದೆ ಉಳಿದದ್ದು. ಆದರೆ ಕಲಿಯದೆ ಉಳಿದದ್ದಕ್ಕಿಂತ, ಕಲಿತೆನೆಂದು ತಿಳಿದು ಮರೆತದ್ದು ಹೆಚ್ಚು ಕಾಡುವುದು. ಆತನು ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿ, ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದೆಂದು ಸೇರಿಸಿ, ಐದನೆಯ ಎರಡೆಂದು ಬರೆಯುತ್ತಾನೆನ್ನಿ. ಒಲೆಯ ಮುಂದಿನಿಂದ ತಾಯಿ ತಿರುಗಿ ನೋಡುತ್ತಾಳೆ. ಶಿವಮೊಗ್ಗದ ಕಡೆಯ ಕನ್ನಡ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ.ವರೆಗೆ ಓದಿದವಳು.

“ಅಲ್ಲ ಮಗಾ, ತಟ್ಟೆಯಲ್ಲಿ ಅರ್ಧ ಹೋಳಿಗೆ ಇದೆ, ಅದಕ್ಕೆ ಇನ್ನೂ ಒಂದು ಚೂರು ಹಾಕಿದೆ. ಅರ್ಧಕ್ಕಿಂತ ಕಡಿಮೆಯಾಯಿತೇನು?”

“ಐದನೆಯ ಎರಡು ಅರ್ಧಕ್ಕಿಂತ ಕಡಿಮೆ ಅಲ್ವಾ ಅಮ್ಮಾ... ಹೌದು.”

“ಮೊದಲು ಲ.ಸಾ.ಅ. ತೆಗಿ. ಆಮೇಲೆ ಕೂಡು.”

ಲ.ಸಾ.ಅ. ಆರು, ಆರನೆಯ ಮೂರು, ಆರನೆಯ ಎರಡು, ಕೂಡಿದರೆ ಆರನೆಯ ಐದು. ಇಲ್ಲಿ ಆ ತಾಯಿ ಮಾಡಿದ್ದು ಪಾಠವಲ್ಲ, ತಾಳೆ. ಉತ್ತರವನ್ನು ಹೋಳಿಗೆಯೊಡನೆ ಹೋಲಿಸಿದಳು, ಅಷ್ಟೇ. ಆ ಹೋಲಿಕೆಯನ್ನು ತಾನೇ ಮಾಡಿಕೊಳ್ಳುವುದನ್ನು ಕಲಿತ ದಿನದಿಂದ ಹುಡುಗನು ನಿಜವಾಗಿ ಸ್ವಾಧ್ಯಾಯಿಯಾಗುತ್ತಾನೆ.

ಹಿಂದಿನ ಒಂದು ಬಿರುಕು ಮುಂದಿನ ಎಂಥ ಕಟ್ಟಡವನ್ನು ಕೆಡಹುವುದೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುತ್ತೇನೆ. ಗಣಿತವನ್ನು ಮರೆತ ಓದುಗರೂ ಜೊತೆಗೆ ಬರಬಹುದು. ಹ್ಯಾರೋ ಗುಡ್ಡದ ನಿಲ್ದಾಣದಿಂದ ರೈಲೊಂದು ಹೊರಟಿತೆಂದೂ, ಹೊರಟ ಮೇಲೆ ಕಳೆದ ನಿಮಿಷಗಳ ವರ್ಗದಷ್ಟು ದೂರವನ್ನು ಅದು ಕ್ರಮಿಸುವುದೆಂದೂ ಭಾವಿಸೋಣ: ಒಂದು ನಿಮಿಷಕ್ಕೆ ಒಂದು ಮಾನ, ಎರಡು ನಿಮಿಷಕ್ಕೆ ನಾಲ್ಕು, ಮೂರಕ್ಕೆ ಒಂಬತ್ತು. ಸರಿಯಾಗಿ ಮೂರನೆಯ ನಿಮಿಷದ ಆ ಕ್ಷಣದಲ್ಲಿ ಅದರ ವೇಗವೆಷ್ಟು? ಕ್ಷಣವೆಂದರೆ ಕಾಲವೇ ಇಲ್ಲ, ಕಾಲವಿಲ್ಲದೆಡೆಯಲ್ಲಿ ದೂರವಿಲ್ಲ, ದೂರವಿಲ್ಲದೆ ವೇಗವೆಲ್ಲಿಯದು ಎಂದು ಬುದ್ಧಿ ತಡವರಿಸುತ್ತದೆ. ಉಪಾಯವೆಂದರೆ ಕ್ಷಣದ ಬಳಿಗೆ ಮೆಲ್ಲಮೆಲ್ಲನೆ ಸಾರುವುದು. 3.1 ನಿಮಿಷಕ್ಕೆ ದೂರ 9.61, ಹೆಚ್ಚಿದ 0.61ನ್ನು ಕಳೆದ ಕಾಲವಾದ 0.1ರಿಂದ ಭಾಗಿಸಿದರೆ 6.1. ಇನ್ನೂ ಸಮೀಪಕ್ಕೆ ಬಂದು 3.01 ನಿಮಿಷವನ್ನು ತೆಗೆದುಕೊಂಡರೆ 6.01, 3.001ಕ್ಕೆ 6.001. ಉತ್ತರ ಆರರ ಕಡೆಗೇ ನಡೆಯುತ್ತಿದೆಯೆಂಬುದನ್ನು ಕಣ್ಣಿದ್ದವರೆಲ್ಲ ಕಾಣಬಹುದು. ಆರೇ ಆ ಕ್ಷಣದ ವೇಗ. ಕಂಡುಹಿಡಿದ ಕ್ರಮವೇ ಅವಕಲನ. ಹೆಸರಿನ ಭಯಂಕರತೆ ವಿಷಯದಲ್ಲಿಲ್ಲ.

ಇದನ್ನೇ ಅಕ್ಷರಗಳಿಂದ ಮಾಡುವಾಗ ಮೂರಕ್ಕೆ ‘ಹ’ ಎಂಬ ಸಣ್ಣ ಕಾಲವನ್ನು ಸೇರಿಸಿ, ಆ ಮೊತ್ತದ ವರ್ಗವನ್ನು ತೆಗೆಯಬೇಕು. ಅದು ಒಂಬತ್ತು, ಆರು ‘ಹ’, ‘ಹ’ದ ವರ್ಗ, ಈ ಮೂರರ ಮೊತ್ತ. ಹದಿನಾಲ್ಕನೆಯ ವಯಸ್ಸಿನ ಪಾಠವನ್ನು ಮರೆತವನು ನಡುವಿನ ಪದವನ್ನು ಬಿಟ್ಟು, ಒಂಬತ್ತು ಮತ್ತು ‘ಹ’ದ ವರ್ಗವೆಂದಷ್ಟೇ ಬರೆಯುತ್ತಾನೆ. ಒಂಬತ್ತನ್ನು ಕಳೆದು ‘ಹ’ದಿಂದ ಭಾಗಿಸಿದಾಗ ಅವನಿಗೆ ಉಳಿಯುವುದು ಬರಿಯ ‘ಹ’. ಅದು ಶೂನ್ಯದತ್ತ ಸಾಗಿದರೆ ವೇಗವೂ ಶೂನ್ಯ. ಓಡುತ್ತಿರುವ ರೈಲು ಅವನ ಕಾಗದದ ಮೇಲೆ ನಿಂತುಬಿಡುತ್ತದೆ! ಆಗ ಅವನು, ಕಲನಶಾಸ್ತ್ರ ತನ್ನ ತಲೆಗೆ ಹತ್ತುವಂಥದಲ್ಲವೆಂದು ಪುಸ್ತಕವನ್ನು ಮುಚ್ಚುತ್ತಾನೆ. ಪಾಪ, ಕಲನಶಾಸ್ತ್ರದ ತಪ್ಪೇನೂ ಇಲ್ಲ. ಎಡವಿದ್ದು ನಾಲ್ಕು ವರ್ಷ ಹಿಂದಿನ ಹೊಸ್ತಿಲಲ್ಲಿ. ಮೂರು ಮತ್ತು ನಾಲ್ಕನ್ನು ಕೂಡಿ ವರ್ಗ ಮಾಡಿದರೆ 49, ಬೇರೆಬೇರೆ ವರ್ಗ ಮಾಡಿ ಕೂಡಿದರೆ 25 ಎಂದು ಒಮ್ಮೆ ಅಂಕಿಯಿಟ್ಟು ನೋಡಿದ್ದರೆ ಆ ಹೊಸ್ತಿಲು ಆಗಲೇ ಕಾಣಿಸುತ್ತಿತ್ತು.

ಆದಕಾರಣ ಮೊದಲ ಒಂದು ತಿಂಗಳನ್ನು ಹಿಂದಿನದರ ಜೀರ್ಣೋದ್ಧಾರಕ್ಕೆ ಮೀಸಲಿಡುವುದು ಲೇಸು: ಭಿನ್ನರಾಶಿ, ಋಣಸಂಖ್ಯೆ, ಘಾತಾಂಕ, ಅಪವರ್ತನ, ವರ್ಗಸಮೀಕರಣ. ಆಮೇಲೆ ತ್ರಿಕೋನಮಿತಿ, ಲಘುಗಣಕ; ಕಲನ ಅವುಗಳಾದ ಮೇಲೆ. ಪ್ರತಿದಿನವೂ ಮೊದಲ ಕಾಲುಗಂಟೆಯಲ್ಲಿ, ಹೋದ ವಾರ ಕಲಿತ ಲೆಕ್ಕವೊಂದನ್ನು ಪುಸ್ತಕ ನೋಡದೆ ಮಾಡಬೇಕು. ಓದುವಾಗ ತಿಳಿದಂತೆ ತೋರಿದ್ದು ಬರಿಯ ಹಾಳೆಯ ಮುಂದೆ ತಿಳಿದಿಲ್ಲವೆಂದು ಬಯಲಾಗುವುದುಂಟು. ತಪ್ಪಾದ ಲೆಕ್ಕಗಳನ್ನು ಒರಸಿಹಾಕದೆ ಬೇರೊಂದು ನೋಟ್‌ಬುಕ್ಕಿನಲ್ಲಿ, ತಪ್ಪಿದ್ದು ಯಾವ ಸಾಲಿನಲ್ಲಿ, ಏಕೆ ಎಂದು ಒಂದು ವಾಕ್ಯ ಬರೆದು ಇಡಬೇಕು. ತಿಂಗಳಾದ ಮೇಲೆ ನೋಡಿದರೆ ನೂರು ತಪ್ಪುಗಳ ಹಿಂದೆ ನಾಲ್ಕೈದೇ ಚಾಳಿಗಳಿರುವುದು ಕಂಡುಬಂದೀತು. ಇಂಗ್ಲೆಂಡಿನ ಪರೀಕ್ಷಾಮಂಡಲಿಗಳು ಹಿಂದಿನ ವರ್ಷಗಳ ಪ್ರಶ್ನಪತ್ರಿಕೆಗಳನ್ನೂ, ಯಾವ ಹೆಜ್ಜೆಗೆ ಎಷ್ಟು ಅಂಕವೆಂಬ ಮೌಲ್ಯಮಾಪನದ ಸೂಚಿಯನ್ನೂ ಪ್ರಕಟಿಸುತ್ತವೆ. ಅಬಟ್ಟನ ಕೊನೆಯ ಪುಟಗಳು ಉತ್ತರವನ್ನಷ್ಟೇ ಕೊಟ್ಟರೆ, ಈ ಸೂಚಿಯು ಹೆಜ್ಜೆಗಳನ್ನೂ ಕೊಡುತ್ತದೆ.

ವೇಗವಾಗಿ ಲೆಕ್ಕ ಮಾಡಬಲ್ಲವನೇ ಗಣಿತಜ್ಞನೆಂಬ ಭ್ರಮೆಯು ಹೊರದೇಶದ ನಮ್ಮ ಮನೆಗಳನ್ನೂ ಬಿಟ್ಟಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1980ರ ಜೂನ್ 18ರಂದು, ಇದೇ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಹದಿಮೂರು ಅಂಕಿಗಳ ಎರಡು ಸಂಖ್ಯೆಗಳ ಗುಣಲಬ್ಧವನ್ನು 28 ಸೆಕೆಂಡುಗಳಲ್ಲಿ ಹೇಳಿದರು. ಶಾಲೆಯ ವಿದ್ಯೆಯ ಹಂಗಿಲ್ಲದ ಆ ಪ್ರತಿಭೆಯ ನೆನಪು ನಮಗೆ ಹೆಮ್ಮೆಯದು. ಆದರೆ ಅಂಥ ವೇಗವನ್ನು ಎ ಲೆವೆಲ್ ಪರೀಕ್ಷೆ ಕೇಳುವುದಿಲ್ಲ, ಅಲ್ಲಿ ಕ್ಯಾಲ್ಕುಲೇಟರನ್ನು ಕೈಯಲ್ಲಿ ಹಿಡಿದೇ ಕುಳಿತುಕೊಳ್ಳುತ್ತಾರೆ. ಅದು ಕೇಳುವುದು ಒಂದು ಸಾಲಿನಿಂದ ಮುಂದಿನ ಸಾಲು ಏಕೆ ಹುಟ್ಟಿತೆಂಬ ಕಾರಣವನ್ನು. ಮಂದಗತಿಯವನು ಇಲ್ಲಿ ಅಂಜಬೇಕಾಗಿಲ್ಲ.

ಕನ್ನಡದ ಮನೆಯಲ್ಲಿ ಬೆಳೆದವನಿಗೆ ಒಂದು ಅಧಿಕ ಲಾಭವೂ ಉಂಟು. ಇಂಗ್ಲಿಷಿನ ‘ಟ್ಯಾಂಜೆಂಟ್’ ಎಂಬುದು ಲ್ಯಾಟಿನ್ ಅರಿಯದವನಿಗೆ ಬರಿಯ ಸದ್ದು. ‘ಸ್ಪರ್ಶಕ’ವೆಂದೊಡನೆ, ವಕ್ರರೇಖೆಯನ್ನು ಮುಟ್ಟಿ ನಿಲ್ಲುವ ಗೆರೆಯೆಂಬ ಅರ್ಥ ಪದದಲ್ಲಿಯೇ ಬೆಳಗುತ್ತದೆ. ‘ತ್ರಿಕೋನಮಿತಿ’ಯೆಂದರೆ ತ್ರಿಕೋನವನ್ನು ಅಳೆಯುವುದು, ‘ಸದಿಶ’ವೆಂದರೆ ದಿಕ್ಕಿನೊಡನೆ ಕೂಡಿದ್ದು. ಕ್ರಿಸ್ತಶಕ ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನೂ, ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದ ರಾಜಾದಿತ್ಯನೂ ಹುಟ್ಟಿದ ಪರಂಪರೆಯ ಭಾಷೆ ಇದು. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕು, ನಿಜ. ಆದರೆ ಹುಡುಗನು ಅಂದು ಕಲಿತುದನ್ನು ಅಮ್ಮನಿಗೆ ಕನ್ನಡದಲ್ಲಿ ವಿವರಿಸಹೊರಟರೆ, ಇಂಗ್ಲಿಷಿನ ಸಿದ್ಧವಾಕ್ಯಗಳ ಮರೆಯಲ್ಲಿ ಅಡಗಿದ್ದ ಅಜ್ಞಾನವು ಎರಡು ವಾಕ್ಯಗಳಲ್ಲಿ ಹೊರಬೀಳುತ್ತದೆ. ಇದೂ ಒಂದು ತಾಳೆಯೇ.

ಕೆಲವು ವಿಷಯಗಳಲ್ಲಿ ಮಾತ್ರ ತನಗೆ ತಾನೇ ತಾಳೆ ನೋಡಿಕೊಳ್ಳುವುದು ಕಠಿನ. ಸಾಧನೆಯನ್ನು ಬರೆಯುವುದು ಅಂಥದು. ಅದಕ್ಕೆ ಕೊನೆಯ ಪುಟದ ಉತ್ತರವಿಲ್ಲ, ಸಾಲಿನಿಂದ ಸಾಲಿಗೆ ಬಿರುಕಿದೆಯೇ ಎಂದು ನೋಡುವ ಇನ್ನೊಂದು ಕಣ್ಣು ಬೇಕು. ಅಂಥ ಕಣ್ಣು ಮನೆಯಲ್ಲಿ ದೊರೆಯದವರಿಗೆ ನೆರವಾಗುವಂತೆ ಬ್ರಿಟನ್ನಿನಲ್ಲಿ 1969ರಲ್ಲಿ ಮುಕ್ತ ವಿಶ್ವವಿದ್ಯಾನಿಲಯವು ಸನ್ನದು ಪಡೆದು, 1971ರಲ್ಲಿ ಪಾಠವನ್ನಾರಂಭಿಸಿತು. ಹಿಂದಿನ ಪರೀಕ್ಷೆಗಳ ಅರ್ಹತಾಪತ್ರವನ್ನು ಕೇಳದೆ ಸೇರಿಸಿಕೊಂಡು, ಮನೆಯಲ್ಲಿ ಮಾಡಿದ ಲೆಕ್ಕಗಳನ್ನು ತಿದ್ದಿ ಹಿಂದಿರುಗಿಸುವ ಬೋಧಕರನ್ನು ಅದು ನಿಯಮಿಸಿತು. ಡಿ ಮಾರ್ಗನ್ನನು ಒಬ್ಬಳಿಗಾಗಿ ಮಾಡಿದ್ದನ್ನು ಅದು ಲಕ್ಷಾಂತರ ಜನರಿಗೆ ಮಾಡಿತೆನ್ನಬಹುದು. ಮೈಸೂರಿನಲ್ಲಿ 1996ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಅದೇ ಆಶಯದ ಕುಡಿ. ಪ್ರಮಾಣಪತ್ರವೇ ಬೇಕಾದವರು ಖಾಸಗಿ ಅಭ್ಯರ್ಥಿಗಳಾಗಿ ಎ ಲೆವೆಲ್ ಪರೀಕ್ಷೆಗೆ ಕುಳಿತುಕೊಳ್ಳುವುದಕ್ಕೂ ಅವಕಾಶವುಂಟು.

ಉಳಿದುದಕ್ಕೆಲ್ಲ, ಗಣಿತವು ಮಿಕ್ಕ ವಿದ್ಯೆಗಳಿಗಿಲ್ಲದ ಒಂದು ಸೌಲಭ್ಯವನ್ನು ತನ್ನೊಳಗೇ ಹೊತ್ತು ತರುತ್ತದೆ. ಏಕಲವ್ಯನ ಕಥೆಯನ್ನು ಹೇಳುವವರು ಮಣ್ಣಿನ ದ್ರೋಣನನ್ನು ನೆನೆಯುತ್ತಾರೆ, ಗುರಿಯನ್ನು ಮರೆಯುತ್ತಾರೆ; ಬಾಣ ನಾಟಿತೋ ತಪ್ಪಿತೋ ಎಂಬುದನ್ನು ಅವನಿಗೆ ಹೇಳುತ್ತಿದ್ದುದು ಮೂರ್ತಿಯಲ್ಲ, ಗುರಿ. ಕವನ ಬರೆದವನಿಗೆ ಅದು ಚೆನ್ನಾಯಿತೇ ಎಂದು ಹೇಳಲು ಇನ್ನೊಬ್ಬರು ಬೇಕು. ವರ್ಗಸಮೀಕರಣವನ್ನು ಬಿಡಿಸಿ ಎರಡು, ಮೂರು ಎಂಬ ಮೂಲಗಳನ್ನು ಪಡೆದವನು ಅವನ್ನು ಮರಳಿ ಸಮೀಕರಣದಲ್ಲಿಟ್ಟು ಶೂನ್ಯ ಬಂದಿತೇ ಎಂದು ತಾನೇ ನೋಡಬಹುದು. ಅನುಕಲನ ಮಾಡಿದವನು ಬಂದ ಉತ್ತರವನ್ನು ಅವಕಲನ ಮಾಡಿದರೆ, ಹೊರಟ ಊರಿಗೇ ಬಂದು ಸೇರಬೇಕು. ಸೇರದಿದ್ದರೆ ದಾರಿ ತಪ್ಪಿದೆ.

ಹ್ಯಾರೋವಿನ ಆ ಮನೆಯಲ್ಲಿ ರಾತ್ರಿಯಾಗಿದೆ. ತಾಯಿ ಅಡುಗೆಮನೆಯನ್ನು ಒರಸಿ ಮುಗಿಸಿ, ದೀಪವಾರಿಸಲೇ ಎಂದು ಕೇಳುತ್ತಾಳೆ. ಹುಡುಗನ ಎದುರಿಗೆ ಉತ್ತರವಿದೆ. ಆದರೆ ಅವನಿನ್ನೂ ಏಳುವುದಿಲ್ಲ. “ಒಂದು ನಿಮಿಷ ಅಮ್ಮಾ, ತಾಳೆ ನೋಡಿ ಬರ್ತೀನಿ” ಎನ್ನುತ್ತಾನೆ.